ಪೂಲ್ ಟೇಬಲ್ಲಿನ ಮೇಲೆ ರಸಮಟ್ಟ

೨೦೧೮ನೇ ಇಸವಿ ಫೆಬ್ರವರಿ ಹನ್ನೊಂದು, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಪ್ರವಚನದ ದೃಷ್ಟಾಂತಕ್ಕೆ ಗಡಿಯಾರ ಯಾಕೆ ಅನ್ನುತ್ತೀರಾ? ನೋಡಿ, ‘ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ’ ಎಂದು ಶುರು ಮಾಡಿದರೆ ನೀವು ಹಾಯಾಗಿ ಗೋಡೆಗೆ ಒರಗುತ್ತೀರಿ. ಶ್ರೀಮಂತ ತಾನೇ, ನಾನಲ್ಲವಲ್ಲ ಎಂದು. ಅದಕ್ಕೇ ಇವತ್ತು ಶ್ರೀಮಂತ ಬೇಡ. ಒಂದೂರಲ್ಲಿ ಒಬ್ಬ ಟೈಲ್ಸ್ ಮೇಸ್ತ್ರಿ ಇದ್ದ. ಆ ಹೊತ್ತಿನಲ್ಲಿ ಅವನು ಹೆದ್ದಾರಿ ಬದಿಯ ಒಂದು ಬಾರ್‌ನಲ್ಲಿ, ಪೂಲ್ ಟೇಬಲ್ ಮುಂದೆ, ಕೋಲಿನ ತುದಿಗೆ ಸೀಮೆಸುಣ್ಣ ಉಜ್ಜುತ್ತಾ ನಿಂತಿದ್ದ. ಬಾರ್ ಎಂದ ಕೂಡಲೇ ಹಿಂದಿನ ಸಾಲಿನಲ್ಲಿ ಇಬ್ಬರು ತಲೆ ತಗ್ಗಿಸಿದಿರಿ. ಇರಲಿ, ಹೆಸರು ಹೇಳುವುದಿಲ್ಲ.

ಆ ಟೇಬಲ್ಲಿನ ಕಟ್ಟಳೆ ಸರಳ. ಗೆದ್ದವನು ನಿಲ್ಲಬೇಕು, ಸೋತವನು ಪಣದ ಹಣ ಇಟ್ಟು ಹೋಗಬೇಕು. ಮೇಸ್ತ್ರಿ ನಿಂತೇ ಇದ್ದ. ಐದು ಭಾನುವಾರ, ಹದಿನೆಂಟು ಆಟ, ಹದಿನೆಂಟು ಗೆಲುವು. “ಕೈಗುಣ ಕಣಯ್ಯಾ” ಎನ್ನುತ್ತಿದ್ದರು ಜನ.

ಕೈಗುಣವೋ? ಆ ಬಾರ್‌ನ ನೆಲ ಹಾಕಿದವನು ಅವನೇ. ಕಿಟಕಿ ಪಕ್ಕದ ಕೊನೆಯ ಟೈಲ್ಸಿನ ಅಡಿಗೆ ಗಾರೆ ತುಂಬಿಸದೆ, ಇನ್ನೊಂದು ಕೆಲಸಕ್ಕೆ ಓಡುವ ಆತುರದಲ್ಲಿ ಮುಗಿಸಿದ್ದ. ಅದರ ಮೇಲೇ ಟೇಬಲ್ಲಿನ ಒಂದು ಕಾಲು ಬಂದು ಕೂತಿತು. ಭಾರಕ್ಕೆ ಟೈಲ್ಸ್ ಇಳಿಯಿತು. ಟೇಬಲ್ ಆ ಮೂಲೆಗೆ ಒಂಚೂರು ವಾಲಿತು. ಜೋರಾಗಿ ಓಡುವ ಚೆಂಡಿಗೆ ಇಳಿಜಾರು ತಿಳಿಯುವುದಿಲ್ಲ. ನಿಧಾನವಾಗುವ ಚೆಂಡು ಮಾತ್ರ ಅತ್ತಲೇ ಹೊರಳುತ್ತದೆ. ಟೇಬಲ್ಲಿಗಿಂತ ತಾವೇ ಹೆಚ್ಚು ವಾಲಿರುವ ಗಿರಾಕಿಗಳಿಗೆ ಇದು ಎಲ್ಲಿ ಕಾಣಬೇಕು? ಮೇಸ್ತ್ರಿಯ ಕಣ್ಣಿಗೆ ಕಂಡಿತ್ತು. ಅವನು ಮೆಲ್ಲಗೆ ಹೊಡೆಯುತ್ತಿದ್ದ, ಕಿಟಕಿಯ ಮೂಲೆಗೇ ಹೊಡೆಯುತ್ತಿದ್ದ, ಗೆಲ್ಲುತ್ತಿದ್ದ. ಮೊದಲ ವಾರ ಒಳಗೊಳಗೇ ನಾಚಿದ. ಎಂಟನೆಯ ಗೆಲುವಿಗೆ, ಅರ್ಧ ಟೇಬಲ್ಲು, ಅರ್ಧ ನನ್ನ ಕೈ ಎಂದುಕೊಂಡ. ಹದಿನೆಂಟಕ್ಕೆ ಬರುವಾಗ ಟೇಬಲ್ಲು ಮರೆತೇ ಹೋಗಿತ್ತು. ನೋಡಿ, ಮರೆವು ಹೀಗೆ, ಕಂತು ಕಂತಾಗಿ ಬರುತ್ತದೆ.

ಆ ದಿನ ಎದುರಿಗೆ ಬಂದವನು ಒಬ್ಬ ಬಸ್ ಡ್ರೈವರ್. ಹೊಸ ಮನೆ ಕಟ್ಟಿಸುತ್ತಿದ್ದ, ನೆಲದ ಕೆಲಸ ಬಾಕಿಯಿತ್ತು.

“ಮೇಸ್ತ್ರಿ, ನೂರು ಇನ್ನೂರು ಬೇಡ. ನಮ್ಮನೆ ನೆಲನೇ ಪಣ. ನೀವು ಗೆದ್ರೆ ಕೂಲಿ ಎರಡರಷ್ಟು, ನಲವತ್ತು ಸಾವಿರ. ನಾನ್ ಗೆದ್ರೆ ಪುಕ್ಕಟೆ ಹಾಕ್ಕೊಡ್ಬೇಕು.”

“ಡ್ರೈವರಣ್ಣ, ಮನೇಲಿ ಅತ್ತಿಗೆನ ಕೇಳ್ಕೊಂಡು ಬಂದ್ರಾ?”

“ಅವಳೇ ಕಳ್ಸಿದ್ದು. ಮೇಸ್ತ್ರಿ ಕೈ ಹೆಂಗಿದೆ ನೋಡ್ಕೊಂಡು ಬಾ ಅಂದ್ಲು.”

ಸುತ್ತಲಿದ್ದವರು ನಕ್ಕರು. ಮೇಸ್ತ್ರಿ ನಗಲಿಲ್ಲ. ಪುಕ್ಕಟೆ ಎಂದರೆ ಹದಿನೈದು ದಿನದ ದುಡಿಮೆ ನೆಲಕ್ಕೆ.

ಡ್ರೈವರ್ ಜೋರಾಗಿ ಹೊಡೆಯುವವನು. ಇಳಿಜಾರು ಅವನಿಗೆ ಅಡ್ಡ ಬರಲಿಲ್ಲ. ಕೊನೆಗೆ ಉಳಿದದ್ದು ಕಪ್ಪು ಚೆಂಡು ಒಂದೇ. ಅದನ್ನು ತೂತಿಗೆ ಹಾಕಿದವನೇ ಗೆದ್ದಂತೆ. ಸರದಿ ಮೇಸ್ತ್ರಿಯದು. ಹೊಡೆದ. ಹೊಡೆದ ಕ್ಷಣವೇ ಗೊತ್ತಾಯಿತು, ಬಲ ಸಾಲದು. ಕಪ್ಪು ಚೆಂಡು ಕಿಟಕಿ ಮೂಲೆಯ ತೂತಿಗೆ ನಾಲ್ಕು ಬೆರಳು ದೂರದಲ್ಲಿ ನಿಂತೇಬಿಟ್ಟಿತು ಅನ್ನಿ. ಡ್ರೈವರ್ ಕೋಲು ಎತ್ತಿಕೊಂಡ. ಆಗ ಚೆಂಡು ಇನ್ನೊಂದು ಸುತ್ತು ಹೊರಳಿತು. ಮತ್ತೊಂದು. ಬಿತ್ತು.

“ಹತ್ತೊಂಬತ್ತು” ಎಂದರು ಜನ.

ಡ್ರೈವರ್ ಕೂಗಾಡಲಿಲ್ಲ. ಬಗ್ಗಿ, ಒಂದು ಕಣ್ಣು ಮುಚ್ಚಿ, ಟೇಬಲ್ಲಿನ ಅಂಚನ್ನು ಉದ್ದಕ್ಕೂ ನೋಡಿದ.

“ಮೇಸ್ತ್ರಿ, ನಿಮ್ ಹತ್ರ ರಸಮಟ್ಟ ಇರುತ್ತಲ್ಲ. ಒಂದ್ಸಲ ಇಲ್ಲಿ ಇಡಿ.”

ರಸಮಟ್ಟ ನೀವೆಲ್ಲ ನೋಡಿದ್ದೀರಿ. ಗಾಜಿನೊಳಗಿನ ಗುಳ್ಳೆ ನಡುವೆ ನಿಂತರೆ ನೆಲ ಸಮ, ಸರಿದರೆ ವಾಲು. ಅದು ಎಲ್ಲಿತ್ತು? ಬೆಂಚಿನ ಕೆಳಗೆ, ಅವನದೇ ಚೀಲದಲ್ಲಿ. ಹಳದಿ ತುದಿ ಹೊರಗೆ ಕಾಣುತ್ತಿತ್ತು.

“ಕೆಲಸದ ಹತ್ರ ಬಿಟ್ಬಂದಿದೀನಿ ಅಣ್ಣ.”

ಡ್ರೈವರ್ ಚೀಲ ನೋಡಿದ. ಮೇಸ್ತ್ರಿಯ ಮುಖ ನೋಡಿದ.

“ಆಯ್ತು. ಆಡಿದ್ಮೇಲೆ ಆಡಿದ್ದೇ. ನಲವತ್ತು ಸಾವಿರ ನಾಳೆ ತಂದ್ಕೊಡ್ತೀನಿ. ನೆಲ ಮಾತ್ರ ಬೇರೆಯವ್ರ ಕೈಲಿ ಹಾಕಿಸ್ತೀನಿ.”

ಕೂಲಿ ಉಂಟು, ಕೆಲಸ ಇಲ್ಲ. ಒಬ್ಬ ಕೆಲಸಗಾರನಿಗೆ ಇದಕ್ಕಿಂತ ದೊಡ್ಡ ಸೋಲು ಇದೆಯೇ? ಇದೆಯೇ, ಹೇಳಿ. ಡ್ರೈವರ್ ಬಾಗಿಲ ತನಕ ಹೋಗಿದ್ದ. ಮೇಸ್ತ್ರಿಗೆ ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಎಷ್ಟು ಸುಲಭ, ನಮಗೆ ಗೊತ್ತಿಲ್ಲವೇ? ಅವನು ಬೆಂಚಿನ ಕೆಳಗೆ ಕೈ ಹಾಕಿದ.

“ಅಣ್ಣ, ನಿಲ್ಲಿ.”

ರಸಮಟ್ಟವನ್ನು ಹಸಿರು ಬಟ್ಟೆಯ ಮೇಲಿಟ್ಟ. ಗುಳ್ಳೆ ನಡುವಿನ ಗೆರೆ ದಾಟಿ, ಕಿಟಕಿಯ ಎದುರು ದಿಕ್ಕಿಗೆ, ಎತ್ತರದ ಕಡೆಗೆ ಸರಿದು ನಿಂತಿತು.

“ಈ ನೆಲ ನಾನೇ ಹಾಕಿದ್ದು. ವಾಲಿರೋದು ಗೊತ್ತಿತ್ತು. ದುಡ್ಡು ಬೇಡ.”

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ಅಂಗಡಿ ಬಸ್ ನಿಲ್ದಾಣದ ಎದುರಿಗಿದೆ. ಆ ಜಾಗ ಹಿಡಿದವರು ನಿಮ್ಮ ತಂದೆ. ನೀವು ಅದನ್ನು ವ್ಯಾಪಾರದ ಜಾಣ್ಮೆ ಎನ್ನುತ್ತೀರಿ. ನಿಮ್ಮ ಮಗಳಿಗೆ ಮೂರು ಟ್ಯೂಷನ್, ಒಳ್ಳೆಯ ಅಂಕ. ಮನೆಗೆಲಸದವಳ ಮಗಳು ಫೇಲು. ನೀವು ಆ ಹುಡುಗಿಗೆ ಶ್ರದ್ಧೆಯ ಬಗ್ಗೆ ಬುದ್ಧಿ ಹೇಳುತ್ತೀರಿ, ಅದೂ ಅವಳು ನಿಮ್ಮ ಪಾತ್ರೆ ತಿಕ್ಕುತ್ತಿರುವಾಗ. ಬೇಡ, ನನ್ನನ್ನು ನೋಡಬೇಡಿ. ಗುಳ್ಳೆ ನೋಡಿ.

ಈ ವಾರ ಇಷ್ಟು ಮಾಡಿ. ಗೆದ್ದ ದಿನ, ಸಿಹಿ ಹಂಚುವ ಮುಂಚೆ, ಟೇಬಲ್ ಯಾವ ಕಡೆ ವಾಲಿತ್ತು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ವಾಲಿಸಿದವರು ನೀವೇ ಆಗಿದ್ದರೆ ಹೋಗಿ ನೆಲ ಸರಿಮಾಡಿ. ಸೋತವನು ರಸಮಟ್ಟ ಕೇಳಿದರೆ ಬಿಟ್ಟು ಬಂದಿದ್ದೇನೆ ಎನ್ನಬೇಡಿ. ಅದು ನಿಮ್ಮ ಚೀಲದಲ್ಲೇ ಇದೆ, ತುದಿ ಎಲ್ಲರಿಗೂ ಕಾಣುತ್ತಿದೆ.

ಸೋಮವಾರ ಬೆಳಿಗ್ಗೆ ಮೇಸ್ತ್ರಿ ಬಂದು ಟೇಬಲ್ ಸರಿಸಿದ. ಆ ಟೈಲ್ಸ್ ಕೀಳುವ ಮುಂಚೆ, ಅದು ಎಷ್ಟು ಇಳಿದಿದೆ ಎಂದು ಅಳೆದ. ಹತ್ತೊಂಬತ್ತು ಗೆಲುವಿನ ಕೈಗುಣ, ನಾಲ್ಕು ಮಿಲಿಮೀಟರ್.