ಅಧ್ಯಕ್ಷರು ತಾವಾಗೇ ಇಳಿದ ಶುಕ್ರವಾರ

...ಯಾರೂ ನನ್ನ ಇಳಿಸಿಲ್ಲೋ ಗುರುಸಿದ್ದ. ನಾನ ಇಳದೀನಿ. ಎರಡೂ ಬ್ಯಾರೆ ಬ್ಯಾರೆ. ನೀ ಡ್ಯೂಟಿ ಅಂತ ಇಲ್ಲೇ ಫಹಾಹೀಲ್‌ದಾಗ ಉಳದಿ, ಸಂಘದ ಕಾರ್ಯಕ್ರಮ ನೋಡಲಿಲ್ಲ. ಅದಕ್ಕ ಹೇಳಾಕ ಬಂದೀನಿ. ಚಹಾ ಆಮ್ಯಾಲೆ ಮಾಡು. ಕುಂಡ್ರು.

ಎಲ್ಲಾ ನಮ್ಮ ಸೀಮಾನ ಭಾಷಣದಿಂದ ಆತು. ಈ ಅರಬರ ದೇಶದಾಗ ಕನ್ನಡ ಸಂಘದ ಅಧ್ಯಕ್ಷನ ಮಗಳು, ಬರೇ ಇಂಗ್ಲಿಷ್ ಆಡ್ತಾಳ ಅಂತ ಮಂದಿ ನಗಬಾರದಲ್ಲ? ಸಾಲ್ಯಾಗ ಏನು ಪಾಠ ನಡದದ, ಅದನ್ನ ಕನ್ನಡದಾಗ ಹೇಳು ಅಂದೆ. ಇಂಗ್ಲೆಂಡಿನ ರಾಜರ ಅಧಿಕಾರ ಹೆಂಗ ಕಡಿಮಿ ಆತು ಅನ್ನೂದು ಪಾಠ. ಆಗಲಿ ಅಂದೆ. ಎಂಟನೂರು ವರ್ಷದ ಹಿಂದ ಸತ್ತ ರಾಜ ನನಗೇನು ಮಾಡ್ಯಾನು?

ಯಾಕ ನಗ್ತಿ? ಕೇಳು. ಜಾನ್ ಅಂತ ಒಬ್ಬ. ಮನಸ್ಸಿಗೆ ಬಂದಂಗ ತೆರಿಗಿ ಹಾಕ್ತಿದ್ದ, ಮಂದೀನ ಹಿಡದು ಒಳಗ ಹಾಕ್ತಿದ್ದ. ಸರದಾರರು ಹೊಳಿ ದಂಡಿಗೆ ಅವನ್ನ ಕರದು, ರಾಜನೂ ಕಾಯ್ದೆ ಮೀರಬಾರದು ಅಂತ ಮುದ್ರಿ ಒತ್ತಿಸಿಕೊಂಡ್ರಂತ. ಮಂದಿ ಚಪ್ಪಾಳಿ ಹೊಡದ್ರು. ನಾನೂ ಹೊಡದೆ. ಆಮ್ಯಾಲೆ ಚಾರ್ಲ್ಸ್. ಹನ್ನೊಂದು ವರ್ಷ ಪಾರ್ಲಿಮೆಂಟ್ ಕರೀಲೇ ಇಲ್ಲಂತ. ಅಷ್ಟರಾಗ ಹಿಂದಿನ ಸಾಲಿನಿಂದ ತಿಮ್ಮರಾಯಪ್ಪ... ಆ ಮೈಸೂರ ಕಡೆಯವ, ಬ್ಯಾಂಕಿನಾಗ ಇದ್ದಾನಲ್ಲ... 'ಮಲಕಾಜಪ್ಪ ಸಾರ್, ನಮ್ಮ ಸಂಘದ ಸರ್ವಸದಸ್ಯರ ಸಭೆ ಯಾವಾಗ ಆಗಿತ್ತು?' ಅಂದ. ಹಾಲ್ ಸಿಗಲಿಲ್ಲಪ್ಪ ಅಂದೆ. 'ಈಗ ಸಿಕ್ಕಿದೆಯಲ್ಲ ಸಾರ್' ಅಂದ.

ನಾ ಮಗಳಿಗೆ ಕಣ್ಣಿಲೆ ಸನ್ನಿ ಮಾಡಿದೆ, ಮುಗಸು ಅಂತ. ಮುಗಿಸಿದ್ಲು. ಚಾರ್ಲ್ಸನ ತಲಿ ಕಡದ್ರು ಅಂದ್ಲು. ಅವನ ಸಣ್ಣ ಮಗ ಜೇಮ್ಸ್ ಪಟ್ಟಕ್ಕ ಬಂದು, ಮತ್ತ ಅದೇ ಆಟ ಆಡಾಕ ಹೋಗಿ, ಕಡೀಕ ಊರ ಬಿಟ್ಟು ಓಡಿದ ಅಂದ್ಲು. ಪಾರ್ಲಿಮೆಂಟಿನವರು ಹೊಸಾ ರಾಜಾ ರಾಣಿಗೆ, ನಮ್ಮನ್ನ ಕೇಳದ ತೆರಿಗಿ ಇಲ್ಲ, ದಂಡು ಇಲ್ಲ ಅಂತ ಮೊದಲ ಒಪ್ಪಿಸಿ ಕಿರೀಟ ಕೊಟ್ರಂತ.

ತಿಮ್ಮರಾಯಪ್ಪ ಎದ್ದು ನಿಂತ. 'ಇನ್ಮೇಲೆ ಕಮಿಟೀನ ಕೇಳದೆ ಅಧ್ಯಕ್ಷರು ಏನೂ ಮಾಡ್ಬಾರ್ದು. ಒಪ್ಪೋರು ಕೈ ಎತ್ತಿ' ಅಂದ. ಹಂಗಾರ ನನಗ ಈ ಕುರ್ಚಿ ಬ್ಯಾಡ, ಖಲಾಸ್, ಅಂತ ಎದ್ದು ಬಂದೆ. ದೊಡ್ಡ ಮನಸ್ಸು ಮಾಡಿ ಬಂದೆ. ಯಾರು ಕೈ ಎತ್ತಿದ್ರು ಅಂತ ತಿರುಗಿ ಸುದ್ದಾ ನೋಡಲಿಲ್ಲ...

ಈಗ ಯಾಕ ಚಹಾಕ್ಕ ಎದ್ದಿ? ಯಾರು ಎತ್ತಿದ್ರು ಅಂತ ಕೇಳವಲ್ಲಿ?

...ನಿಮ್ಮಕ್ಕ ಫೋನ್ ಮಾಡಿದ್ಲೇನು?

ಹೌದಪ್ಪ. ಮೊದಲ ಎದ್ದ ಕೈ ನಿಮ್ಮಕ್ಕ ಶೈಲಾಂದ. ಬಳಿ ಸಪ್ಪಳಕ್ಕ ಎಲ್ಲಾರೂ ತಿರುಗಿ ನೋಡಿದ್ರು. ಆಕಿ ಎತ್ತಿದ ಮ್ಯಾಲೆ ಉಳದವರಿಗೆ ಏನು ಅಂಜಿಕಿ? ಬಾಗಲಾಗ ನಿಲ್ಲಿಸಿ ಕೇಳಿದೆ, ಯಾಕ ಹಿಂಗ ಮಾಡಿದಿ ಅಂತ. 'ಲಗ್ನ ಆದಾಗಿಂದ ನಿನಗ ಒಪ್ಪಿಗಿ ಅದನೋ ಇಲ್ಲೋ ಅಂತ ನನ್ನ ಯಾರೂ ಕೇಳಿದ್ದಿಲ್ರಿ. ಅವರು ಕೇಳಿದ್ರು' ಅಂದ್ಲು. ಸೀಮಾನ ಕರಕೊಂಡು ಟ್ಯಾಕ್ಸಿ ಹತ್ತಿದ್ಲು. ನಾ ರಿಗ್ಗೈ ಕಡೆ, ನಮ್ಮ ಮನಿಗೆ, ಹೊಳ್ಳಬೇಕಾಗಿತ್ತು... ಗಾಡಿ ಈ ಕಡೆ ಬಂತು.

ಫೋನಿನ್ಯಾಗ ಏನಂದ್ಲು? ಹೇಳೋ ಗುರುಸಿದ್ದ. ಮನಿಗೆ ಬರಬಹುದಂತೇನು ನಾ?