ಅರ್ಧ ಬಾಟಲಿ ನೀರು

“ಡಾಕ್ಟರ್ ಕೇಳಿದಾಗ ಸುಮ್ಮನ ಯಾಕ ಕುಂತಿ? ಸಾಲಿಗೆ ಅರ್ಧ ಬಾಟಲಿ ನೀರಷ್ಟ ಕಳಸ್ತೀನಿ ಅನ್ನಬೇಕಿತ್ತು.”

ಆಂಟಾಪ್ ಹಿಲ್ ದವಾಖಾನೆಯ ಎದುರಿನ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ನಿಂತಿದ್ದ ಗಂಡ ಹೆಂಡತಿಗೆ ಹೇಳುತ್ತಿದ್ದ. ನಡುವೆ ಆರು ವರ್ಷದ ಮಗಳು, ಕೈಯಲ್ಲಿ ಔಷಧಿಯ ಪೊಟ್ಟಣ.

“ಆ ಸಾಲಿ ಟಾಯ್ಲೆಟ್ ನೀವು ನೋಡೀರೇನ್ರೀ? ಜಾಸ್ತಿ ಕುಡಿದ್ರ ಅಲ್ಲೇ ಹೋಗಬೇಕಾಗ್ತದ.”

“ಕುಡೀಲಾರದ್ದಕ್ಕ, ತಡಕೊಂಡಿದ್ದಕ್ಕ ಈಗ ಉಚ್ಚಿ ಉರೀತದಂತ ಅಳಾಕತ್ತಾಳ. ನಾಳಿಂದ ತುಂಬ ಬಾಟಲಿ ಕೊಡು. ಟೀಚರಿಗೆ ನಾ ಹೇಳ್ತೀನಿ.”

“ನಾನೂ ಹಂಗ ಇರ್ತೀನಲ್ಲ. ಬಸ್ ಹತ್ತಿದ್ರ ಪವಾಯಿ ಆಫೀಸ್ ಮುಟ್ಟೂತನಕ ಗುಟುಕ ನೀರು ಕುಡಿಯಂಗಿಲ್ಲ. ನನಗೇನಾಗೇದ?”

“ಹೋದ ವರ್ಷ ಇದೇ ಉರಿಗೆ ಎರಡು ಸಲ ಇದೇ ದವಾಖಾನಿಗೆ ಬಂದಾಕಿ ಯಾರು, ನಮ್ಮವ್ವೇನು?”

ಆಕೆ ಬಸ್ಸು ಬರುವ ದಾರಿ ನೋಡಿದಳು. ಬಸ್ಸೂ ಬಂತು. ಮಗಳು ಸೆರಗು ಜಗ್ಗಿದಳು.

“ಮಮ್ಮಿ, ಸೂಸೂ.”

“ಮನೀತನಕ ತಡಕೋ...” ಎಂದವಳು ನಿಲ್ಲಿಸಿದಳು. “ನಡಿ, ದವಾಖಾನಿಗೇ ಹೋಗಿ ಬರೂಣು. ರೀ, ನಾವು ಮುಂದಿನ ಬಸ್ಸಿಗೆ ಬರ್ತೀವಿ.”

“ನಾನೂ ನಿಲ್ತೀನಿ. ಬಾಟಲಿ ಕೊಡು, ತುಂಬಿಸ್ಕೊಂಡು ಬರ್ತೀನಿ.”

ನಾನು ಬಸ್ ಹತ್ತಿ ಕಿಟಕಿಯಿಂದ ನೋಡಿದೆ. ತಾಯಿ ಬಾಟಲಿಯ ತಳದಲ್ಲಿ ಉಳಿದಿದ್ದ ನೀರನ್ನು ತಾನೇ ಕುಡಿದು, ಖಾಲಿ ಬಾಟಲಿಯನ್ನು ಗಂಡನ ಕೈಗೆ ಕೊಟ್ಟಳು.