ಒಳಗೆ ಹಿಡಿದ ಹೊಲಿಗೆ

ಸನ್ಮಾನ್ಯ ಅಧ್ಯಕ್ಷರೇ, ಇಂದು ಈ ಆಸ್ಪತ್ರೆಯಿಂದ ನಿವೃತ್ತರಾಗುತ್ತಿರುವ ನಮ್ಮ ಡಾಕ್ಟರಮ್ಮನವರೇ, ಸೂಜಿ ತೋರಿಸಿ ಬೆದರಿಸದೆಯೇ ನಮ್ಮನ್ನು ಅಂಕೆಯಲ್ಲಿಟ್ಟ ದಾದಿಯರೇ, ನನ್ನ ಮಾತಿಗಿಂತ ಪಕ್ಕದ ಕೋಣೆಯ ಅಡುಗೆಯ ವಾಸನೆಗೇ ಹೆಚ್ಚು ಕಿವಿಗೊಟ್ಟಿರುವ ಸಭಿಕರೇ,

ಹಳೆಯ ರೋಗಿಗಳ ಪರವಾಗಿ ನಾಲ್ಕು ಮಾತಾಡಲು ನನ್ನನ್ನು ಕರೆದಿದ್ದಾರೆ. ನಾಲ್ಕು ಮಾತು ಎಂದರೆ ಎಷ್ಟು ಉದ್ದ ಎಂದು ಯಾರೂ ಹೇಳಿಲ್ಲ. ಕಾರ್ಯಕ್ರಮದ ಪ್ರಕಾರ ನನ್ನ ಭಾಷಣ ಮುಗಿದ ಮೇಲೆಯೇ ಊಟ. ಅಂದರೆ ಈ ಸಭಾಂಗಣದ ಹಸಿವೆಲ್ಲ ಸದ್ಯಕ್ಕೆ ನನ್ನ ಕೈಯಲ್ಲಿದೆ. ಊಟ ಬಿಡುವ ಕಾಯಿಲೆಯಿಂದ ಎದ್ದು ಬಂದವನಿಗೆ ಇಂಥ ಅಧಿಕಾರ ಕೊಡಬಹುದೇ? ಯಾರಾದರೂ ಯೋಚಿಸಿದಿರಾ?

ಡಾಕ್ಟರಮ್ಮ ಯೋಚಿಸಿದ್ದಾರೆ. ಮೊದಲೇ ಷರತ್ತು ಹಾಕಿದರು. 'ಮಾತಾಡಪ್ಪ, ಬೇಡ ಅನ್ನಲ್ಲ. ಆದ್ರೆ ಮುಗಿದ ಮೇಲೆ ಎಲ್ಲರ ನಡುವೆ ಕೂತು ಊಟ ಮಾಡ್ಬೇಕು. ಮೂಲೆ ಕುರ್ಚಿ ಇಲ್ಲ, ಡಬ್ಬಿಗೆ ಹಾಕಿಸ್ಕೊಂಡು ಹೋಗೋದೂ ಇಲ್ಲ.' ಮನೆಯಲ್ಲಿ ಉಣ್ಣುವುದನ್ನು ಮತ್ತೆ ಕಲಿತಿದ್ದೇನೆ. ಆದರೆ ಕಾಯಿಲೆ ಬಂದಾಗಿನಿಂದ ನಾಲ್ಕು ಜನರ ನಡುವೆ ಒಮ್ಮೆಯೂ ಉಂಡಿಲ್ಲ. ಆದಕಾರಣ ಇಂದು ಅತ್ಯಂತ ವಿಸ್ತಾರವಾಗಿ ಮಾತನಾಡಲು ಸಿದ್ಧನಾಗಿ ಬಂದಿದ್ದೇನೆ. ಒಂದು ಕೈ ಸೊಂಟದ ಮೇಲಿಟ್ಟು ನಾಯಕರ ಹಾಗೆ ನಿಂತಿರುವುದನ್ನು ತಾವು ಗಮನಿಸಿರಬಹುದು. ಅದರ ಕಾರಣ ಆಮೇಲೆ ಹೇಳುತ್ತೇನೆ.

ಮೊದಲು ರೋಗನಿರ್ಣಯ. ನನ್ನ ಅಮ್ಮ ದರ್ಜಿ. ಎರಡನೆಯ ಸಾಲಿನಲ್ಲಿ ಕೂತು ಮುಂದಿನವರ ಕಾಲರನ್ನು ಪರೀಕ್ಷಿಸುತ್ತಿರುವವರೇ ಅವರು. ಬೇರೆ ಮನೆಗಳಲ್ಲಿ ಮಗ ಸೊರಗಿದರೆ ಪ್ಯಾಂಟು ಜಾರುತ್ತದೆ, ಅಂಗಿ ಜೋತುಬೀಳುತ್ತದೆ, ನೆಂಟರು ಕೇಳುತ್ತಾರೆ. ನಮ್ಮ ಮನೆಯಲ್ಲಿ ಅದು ಸಾಧ್ಯವೇ? ಸಡಿಲ ಬಟ್ಟೆ ಕಂಡರೆ ಅಮ್ಮನಿಗೆ ಆಗುವುದಿಲ್ಲ. 'ಬಾರೋ ಇಲ್ಲಿ, ಸೊಂಟದ ಹತ್ರ ಸ್ವಲ್ಪ ಹಿಡೀಬೇಕು' ಎಂದು ಗುಂಡುಪಿನ್ನು ಕಚ್ಚಿಕೊಂಡೇ ಕರೆಯುತ್ತಿದ್ದರು. ಹಿಡಿದು ಹೊಲಿದರು. ಮತ್ತೆ ಸಡಿಲವಾಯಿತು, ಮತ್ತೆ ಹಿಡಿದರು. ನಾನು ಕರಗುತ್ತ ಹೋದೆ, ಬಟ್ಟೆ ನನ್ನ ಜೊತೆಜೊತೆಗೇ ಬಂತು. ಇಷ್ಟು ಅಚ್ಚುಕಟ್ಟಾದ ಹುಡುಗ ಇನ್ನೊಬ್ಬನಿಲ್ಲ ಎಂದು ಬೀದಿಯೆಲ್ಲ ಮೆಚ್ಚಿಕೊಂಡಿತು. ಅಂಗಡಿಗೆ ಗಿರಾಕಿಗಳೂ ಹೆಚ್ಚಾದರು.

ಕೊನೆಗೆ ಒಂದು ಮಧ್ಯಾಹ್ನ ಕತ್ತರಿಸುವ ಮೇಜಿನ ಪಕ್ಕದಲ್ಲೇ ತಲೆ ತಿರುಗಿ ಬಿದ್ದೆ. ಯಾರದೋ ಕೋಟಿನ ಮೇಲೆ. ಅಮ್ಮ ಮತ್ತು ಅಕ್ಕ ಇಲ್ಲಿಗೆ ಕರೆತಂದರು. 'ಊಟ ಸರಿಯಾಗಿ ಸೇರ್ತಿಲ್ಲ, ತಲೆ ತಿರುಗುತ್ತೆ' ಎಂದು ಅಮ್ಮ ಹೇಳಿದ್ದೇ ತಡ, ಹೊಸದಾಗಿ ಸೇರಿದ್ದ ದಾದಿಯೊಬ್ಬರು ನೇರವಾಗಿ ಅಕ್ಕನ ಕೈಹಿಡಿದು ತೂಕದ ಯಂತ್ರದ ಕಡೆ ನಡೆಸಿದರು. ಈ ಕಾಯಿಲೆ ಹುಡುಗಿಯರಿಗೆ ಮಾತ್ರ ಬರುತ್ತದೆಂದು ಅವರೂ ತಿಳಿದಿದ್ದರು, ನಾವೂ ತಿಳಿದಿದ್ದೆವು. ಅಕ್ಕ ಹೇಳಿದಳು, 'ನಾನಲ್ಲ ಸಿಸ್ಟರ್, ಇವ್ನು. ನಾನು ಇವನ ಪಾಲನ್ನೂ ತಿಂದೇ ಬಂದಿರೋದು.'

ಡಾಕ್ಟರಮ್ಮ ನಾಡಿ ನೋಡಿದರು, ತಣ್ಣಗಿದ್ದ ಬೆರಳು ನೋಡಿದರು, ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ನೋಡಿದರು. ಆಮೇಲೆ ಪ್ರಶ್ನೆಗಳು. 'ಊಟದ ಯೋಚನೆ ಬಿಟ್ಟು ಬೇರೆ ಯೋಚನೆ ಬರುತ್ತಾ? ತಿಂದ ಮೇಲೆ ಹೆದರಿಕೆ ಆಗುತ್ತಾ? ಕನ್ನಡಿ ಮುಂದೆ ನಿಂತಾಗ ಏನು ಕಾಣುತ್ತೆ?' ನಾನು ಒಂದು ಜೋಕು ಹೇಳಿದೆ. ಅವರು ಚೆನ್ನಾಗಿ ನಕ್ಕರು. ನಕ್ಕು, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಸಭಿಕರೇ, ನನ್ನ ಜೋಕಿಗೆ ನಕ್ಕ ಮೇಲೂ ಪ್ರಶ್ನೆ ಮರೆಯದ ಮನುಷ್ಯರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆಮೇಲೆ ನನ್ನ ಪ್ಯಾಂಟಿನ ಪಟ್ಟಿಯನ್ನು ಮೆಲ್ಲಗೆ ಹೊರಗೆ ಮಡಚಿದರು. ಒಳಗೆ ಹೊಲಿಗೆಯ ಪಕ್ಕ ಹೊಲಿಗೆ, ಅದರ ಪಕ್ಕ ಇನ್ನೊಂದು. 'ಇದು ಯಾರ ಕೆಲಸ?'

'ನಂದೇ ಡಾಕ್ಟ್ರೇ,' ಅಮ್ಮ ಹೆಮ್ಮೆಯಿಂದ ಹೇಳಿದರು. 'ಹೊರಗಡೆಯಿಂದ ಗೊತ್ತೇ ಆಗಲ್ಲ ನೋಡಿ.'

ಹಾಗೆ ಹೇಳಿದ ಮೇಲೆ, ಹೇಳಿದ್ದೇನೆಂದು ತನಗೇ ಕೇಳಿಸಿದಂತೆ, ಅಮ್ಮ ಕುರ್ಚಿಗಾಗಿ ಕೈಚಾಚಿದರು.

ಇರಲಿ. ಮುಂದೆ ಕಾರಣಗಳು. ನಮ್ಮ ಮನೆಯಲ್ಲಿ ವಿಚಾರಣಾ ಆಯೋಗವೇ ಕೂತಿತು. ಅಪರಾಧಿ ತನ್ನ ಸೂಜಿಯೇ ಎಂದರು ಅಮ್ಮ. ಅಲ್ಲ, ಚಿಕ್ಕಂದಿನಲ್ಲಿ ನನ್ನನ್ನು 'ದಿಂಬು' ಎಂದು ಕರೆದ ತಾನೇ ಎಂದಳು ಅಕ್ಕ. ಡಾಕ್ಟರಮ್ಮ ಇಬ್ಬರನ್ನೂ ಖುಲಾಸೆ ಮಾಡಿದರು. 'ಹುಟ್ಟುಗುಣ ಒಂದಿಷ್ಟು, ವಂಶದಿಂದ ಬಂದಿದ್ದು ಒಂದಿಷ್ಟು, ಜನರ ಮಾತು ಒಂದಿಷ್ಟು, ಇವನೇ ಶುರು ಮಾಡಿದ ಪಥ್ಯ ಒಂದಿಷ್ಟು. ಅದೆಲ್ಲ ಸೇರಿ ಗಂಟಾಗಿದೆ. ಹಸಿದಷ್ಟೂ ಮಿದುಳು ಇನ್ನೂ ಹಟ ಹಿಡಿಯುತ್ತೆ. ದಾರ ಯಾರ ಅಂಗಡೀದು ಅಂತ ಕೇಳ್ತಾ ಕೂತ್ರೆ ಗಂಟು ಬಿಚ್ಚುತ್ತೇನಮ್ಮಾ?' ದೊಡ್ಡದಾಗಿ ಅಳಲು ತಯಾರಾಗಿ ಬಂದಿದ್ದ ಅಕ್ಕನಿಗೆ ನಿರಾಸೆಯಾಯಿತು.

ಕೊನೆಗೆ ಚಿಕಿತ್ಸೆ. ಔಷಧದ ಹೆಸರು ಊಟ. ಹೊತ್ತುಹೊತ್ತಿಗೆ, ಬೇಕೆನಿಸಲಿ ಬೇಡವೆನಿಸಲಿ. ಅಮ್ಮ ಅಂಗಡಿಯ ಬಾಗಿಲೆಳೆದು ನನ್ನ ಎದುರು ಕೂರಬೇಕು. ಊಟದ ಮಾತು ಆಡಬಾರದು, ಮೈಯ ಮಾತಂತೂ ಕೂಡದು. ಇಡೀ ಬದುಕು ಮೈಯಳತೆ ತೆಗೆದ ಹೆಂಗಸಿಗೆ ಇನ್ನೇನು ಮಾತು ಉಳಿಯಿತು ಹೇಳಿ? ಪಕ್ಕದ ಮನೆಯ ಬೆಕ್ಕಿನ ಚಾರಿತ್ರ್ಯದ ಬಗ್ಗೆ ನಾವು ತಿಂಗಳುಗಟ್ಟಲೆ ಚರ್ಚೆ ಮಾಡಿದೆವು. ಇದರ ಜೊತೆಗೆ ವಾರವಾರವೂ ಇಲ್ಲಿ ಬಂದು ಡಾಕ್ಟರಮ್ಮನ ಎದುರು ನನ್ನ ಹೆದರಿಕೆಗಳನ್ನು ಒಂದೊಂದಾಗಿ ಬಿಚ್ಚಿಡಬೇಕು. ನಾನು ಅಲ್ಲೂ ಇಲ್ಲೂ ಜೋಕು ಬಿಚ್ಚುತ್ತಿದ್ದೆ. ಎಲ್ಲರೂ ನಗುತ್ತಿರುವಾಗ ನಗಿಸಿದವನ ತಟ್ಟೆಯನ್ನು ಯಾರು ನೋಡುತ್ತಾರೆ? ನಮ್ಮ ಮನೆಯಲ್ಲಿ ಅತಿ ಹೆಚ್ಚು ನಗು ಕೇಳಿಸಿದ ವರ್ಷವೇ ನಾನು ಅತಿ ಕಡಿಮೆ ಉಂಡ ವರ್ಷ.

ಈ ಮಾತು ನಾನು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು.

ಡಾಕ್ಟರಮ್ಮ ಅದನ್ನೂ ಕಂಡುಹಿಡಿದರು. 'ನಿನ್ನ ಜೋಕು ನಾನು ಕಿತ್ಕೊಳ್ಳಲ್ಲ ಕಣೋ. ಆದ್ರೆ ಒಂದು ತುತ್ತಿಗೆ ಒಂದು ಜೋಕು. ಮೊದಲು ತುತ್ತು.' ಅಂದಿನಿಂದ ಒಂದು ಜೋಕು ಹೇಳಲು ಒಂದು ತುತ್ತು ನುಂಗಬೇಕಾಯಿತು. ಹೇಳದೆ ಇರಲಾರೆನೆಂದು ನುಂಗಿದೆ. ಅಕ್ಕ ಒಮ್ಮೆ ಕೈಮುಗಿದು ಬೇಡಿಕೊಂಡಳು, 'ತಿನ್ನೋ ಮಾರಾಯ, ಆದ್ರೆ ಬಾಯಿ ಮುಚ್ಕೊಂಡು ತಿನ್ನು.'

ಪೂರ್ತಿ ವಾಸಿಯಾಯಿತೇ? ಕೇಳಿದರೆ ಡಾಕ್ಟರಮ್ಮ 'ಆಗ್ತಾ ಇದೆ' ಎನ್ನುತ್ತಾರೆ. ಅಮ್ಮ ಒಂದೊಂದೇ ಹೊಲಿಗೆಯನ್ನು ಬಿಚ್ಚುತ್ತ ಬಂದರು. ಇದು ಅದೇ ಪ್ಯಾಂಟು. ಕೊನೆಯ ಸಾಲೊಂದು ಉಳಿದಿತ್ತು. ಇಂದು ಸಂಜೆ ಹೊರಡುವ ಮುಂಚೆ ಅದನ್ನೂ ಬಿಚ್ಚಿ ಕೊಟ್ಟರು. 'ಇನ್ನೂ ಲೂಸಾಗುತ್ತಮ್ಮಾ' ಎಂದೆ. 'ಆಗ್ಲಿ ಬಿಡು' ಎಂದರು. ಸಡಿಲ ಬಟ್ಟೆ ಕಂಡರಾಗದ ಅಮ್ಮ ಹಾಗೆಂದರು. ಸಭಿಕರೇ, ನಾನು ಸೊಂಟದ ಮೇಲೆ ಕೈಯಿಟ್ಟು ನಿಂತಿರುವುದು ಗಾಂಭೀರ್ಯಕ್ಕಲ್ಲ.

ಇನ್ನು ಚಮಚದ ಉಗಮ ಮತ್ತು ವಿಕಾಸದ ಬಗ್ಗೆ ಒಂದು ಅಧ್ಯಾಯ ಉಳಿದಿದೆ. ಆದರೆ ಡಾಕ್ಟರಮ್ಮ ಗಡಿಯಾರ ನೋಡುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾರೆ. ಇಷ್ಟು ಜೋಕಾದರೂ ಒಂದು ತುತ್ತೂ ಆಗಿಲ್ಲವೆಂದು ಈ ಸಭೆಯಲ್ಲಿ ಲೆಕ್ಕ ಇಟ್ಟಿರುವುದು ಅವರೊಬ್ಬರೇ. ಈಗ ನಿಮಗೂ ಗೊತ್ತಾಯಿತು.

ಆದ್ದರಿಂದ ಮುಗಿಸುತ್ತೇನೆ. ಉದ್ದನೆಯ ಮೇಜಿನ ನಟ್ಟನಡುವಿನ ಕುರ್ಚಿ ನನ್ನದು, ದಯವಿಟ್ಟು ಯಾರೂ ಕೂರಬೇಡಿ. ಪಕ್ಕದಲ್ಲಿ ಕೂರುವವರು ಬೆಕ್ಕಿನ ವಿಷಯ ತಿಳಿದುಕೊಂಡು ಬಂದರೆ ಉಪಕಾರ. ಡಾಕ್ಟರಮ್ಮನವರಿಗೆ, ದಾದಿಯರಿಗೆ, ಅಕ್ಕನಿಗೆ, ಅಮ್ಮನ ಕತ್ತರಿಗೆ ನನ್ನ ಧನ್ಯವಾದ. ಎರಡೂ ಕೈ ಜೋಡಿಸಬೇಕಿತ್ತು, ಆದರೆ ಒಂದನ್ನು ಸೊಂಟದಿಂದ ತೆಗೆಯುವ ಹಾಗಿಲ್ಲ. ಸದ್ಯಕ್ಕೆ ಈ ಒಂದು ಕೈಯ ನಮಸ್ಕಾರ ಸ್ವೀಕರಿಸಿ. ಇನ್ನೊಂದು ಕೈಯದು, ಊಟ ಮುಗಿಸಿ ಬಂದು.